ಬೀಗದ ಕೈ ಯಾರ ಕೈಗೆ? ಡೆಬಿಯನ್ ತನ್ನ ಸದಸ್ಯರನ್ನು ಒಳಗೆ ಬಿಟ್ಟುಕೊಳ್ಳುವ ಬಗೆ

ಡೆಬಿಯನ್ ಎಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶಗಳಿಂದ ಸ್ವಯಂಸೇವಕರು ಕಟ್ಟಿದ ಆಪರೇಟಿಂಗ್ ಸಿಸ್ಟಂ. ಅದು ಇರುವ ಯಂತ್ರದಲ್ಲಿ ಒಂದು ಪ್ಯಾಕೇಜು, ಅಂದರೆ ಹಾಕಲು ಸಿದ್ಧವಾಗಿ ಕಟ್ಟಿಟ್ಟ ತಂತ್ರಾಂಶ, ಹಾಕಲು ಹೇಳುತ್ತೀರಿ, ಪಾಸ್‌ವರ್ಡ್ ಕೊಡುತ್ತೀರಿ, ಎಂಟರ್ ಒತ್ತುತ್ತೀರಿ. ಕಡತಗಳು ಬಂದು ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಜತೆಗೆ ‘ಪೋಸ್ಟ್‌ಇನ್‌ಸ್ಟ್’ ಎಂಬ ಪುಟ್ಟ ಸ್ಕ್ರಿಪ್ಟ್ ಬಂದಿದ್ದರೆ ಅದು ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಮೇಲೆ ಪೂರ್ತಿ ಹಿಡಿತದೊಂದಿಗೆ, ಓಡುತ್ತದೆ. ಡಿಸ್ಕ್ ಅಳಿಸು ಎಂದು ಅದರಲ್ಲಿ ಬರೆದಿದ್ದರೆ ಅಳಿಸುತ್ತದೆ. ನೀವು ಅದನ್ನು ಓದಿರುವುದಿಲ್ಲ, ಬರೆದವರನ್ನು ಕಂಡಿರುವುದೂ ಇಲ್ಲ. ಆ ಕೆಲಸಕ್ಕೆ ಡೆಬಿಯನ್ ಅವರಿಗೆ ಸಂಬಳ ಕೊಡುವುದಿಲ್ಲ. ನೇಮಕಾತಿ ಪತ್ರ, ಪೊಲೀಸ್ ಪರಿಶೀಲನೆ ಯಾವುದೂ ಇಲ್ಲ.

ಹಾಗಿದ್ದರೂ ನಾವೆಲ್ಲ ನಂಬುತ್ತೇವೆ. ಯಾವುದರ ಆಧಾರದ ಮೇಲೆ ನಂಬುತ್ತೇವೆ ಎಂಬುದೇ ಇವತ್ತಿನ ಮಾತಿನ ವಿಷಯ.

ಡೆಬಿಯನ್ ಹುಟ್ಟಿದ್ದು 1993ರ ಆಗಸ್ಟ್ 16ರಂದು, ಇಯಾನ್ ಮರ್ಡಾಕ್ ಕೈಯಲ್ಲಿ. 2023ರ ಜೂನ್‌ನಲ್ಲಿ ಬಂದ ಹನ್ನೆರಡನೆಯ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಉಬುಂಟು ನಿಂತಿರುವುದು ಇದರ ಮೇಲೆ, ರಾಸ್ಪ್‌ಬೆರಿ ಪೈ ಯಂತ್ರದ ಓಎಸ್ ಕೂಡ. ಇಷ್ಟನ್ನು ನೋಡಿಕೊಳ್ಳುವ ಪೂರ್ಣ ಸದಸ್ಯರು, ಅಂದರೆ ‘ಡೆಬಿಯನ್ ಡೆವಲಪರ್’ಗಳು, ಹೆಚ್ಚುಕಡಿಮೆ ಒಂದು ಸಾವಿರ ಜನ. ಹೊರಗಿನವರಿಗೆ ಸಾಮಾನ್ಯವಾಗಿ ಗೊತ್ತಿರದ ಸಂಗತಿ ಇನ್ನೊಂದಿದೆ. ಅಪ್‌ಲೋಡ್ ಹಕ್ಕಿರುವ ಡೆವಲಪರ್ ತನ್ನ ಪ್ಯಾಕೇಜನ್ನಷ್ಟೇ ಅಲ್ಲ, ಭಂಡಾರದ ಯಾವ ಪ್ಯಾಕೇಜನ್ನು ಬೇಕಾದರೂ ಅಪ್‌ಲೋಡ್ ಮಾಡಬಹುದು. ಇವರದು ಇಷ್ಟೇ ಎಂದು ತಡೆಯುವ ಯಾಂತ್ರಿಕ ಗೋಡೆ ಇಲ್ಲ. ತಡೆಯುವುದು ಪದ್ಧತಿ ಮತ್ತು ನಾಚಿಕೆ. ಮನೆಗೆ ಒಂದೇ ಬೀಗ, ಬೀಗದ ಕೈ ಸಾವಿರ. ಹಾಗಾಗಿ ಸಾವಿರದ ಒಂದನೆಯ ಕೈಯನ್ನು ಕೊಡುವ ಮೊದಲು ಅಷ್ಟೊಂದು ವಿಚಾರಣೆ.

ಮೊದಲ ವರ್ಷಗಳಲ್ಲಿ ಇಷ್ಟೆಲ್ಲ ಇರಲಿಲ್ಲ. ಕೆಲಸ ಮಾಡುತ್ತೇನೆ ಎಂದವರಿಗೆ ಬಾಗಿಲು ಹೆಚ್ಚುಕಡಿಮೆ ತೆರೆದೇ ಇತ್ತು. ಜನ ಹೆಚ್ಚಿದಂತೆ ಯಾರು ಯಾಕೆ ಬಂದರು, ಮುಕ್ತ ತಂತ್ರಾಂಶದ ಬಗ್ಗೆ ಅವರ ನಿಲುವೇನು ಎಂದು ವಿಚಾರಿಸಲು ಪುರುಸೊತ್ತಿಲ್ಲದಾಯಿತು. 1999ರ ಕೊನೆಯಲ್ಲಿ ಹೊಸಬರ ಸೇರ್ಪಡೆಯನ್ನೇ ನಿಲ್ಲಿಸಿದರು. 2000ದಲ್ಲಿ ಬಾಗಿಲು ಮತ್ತೆ ತೆರೆದಾಗ ಅದರ ಹಿಂದೆ ಒಂದು ವ್ಯವಸ್ಥೆ ಇತ್ತು: ಅರ್ಜಿದಾರ, ಅವರ ಪರ ಮಾತಾಡುವ ಅಡ್ವೊಕೇಟ್, ಪರೀಕ್ಷಿಸುವ ಅಪ್ಲಿಕೇಷನ್ ಮ್ಯಾನೇಜರ್, ಕಾಗದಪತ್ರ ನೋಡುವ ಫ್ರಂಟ್ ಡೆಸ್ಕ್, ಕೊನೆಯ ಮಾತು ಹೇಳುವ ಡೆಬಿಯನ್ ಅಕೌಂಟ್ ಮ್ಯಾನೇಜರ್. ಇಪ್ಪತ್ತೈದು ವರ್ಷ ಕಳೆದರೂ ಆ ಚೌಕಟ್ಟು ಅದೇ. ‘ನ್ಯೂ ಮೇಂಟೇನರ್’ ಎಂದಿದ್ದದ್ದು ಈಗ ‘ನ್ಯೂ ಮೆಂಬರ್’ ಆಗಿದೆ. ಹೆಸರು ಬದಲಾಗಲು ಕಾರಣವಿತ್ತು: 2010ರ ಮತದಾನದಲ್ಲಿ, ಅನುವಾದ, ದಾಖಲೆ, ವಿನ್ಯಾಸ, ಸಂಘಟನೆಯಂಥ ಕೆಲಸ ಮಾಡುವವರೂ ಅಪ್‌ಲೋಡ್ ಹಕ್ಕಿಲ್ಲದೆಯೇ ಪೂರ್ಣ ಸದಸ್ಯರಾಗಬಹುದು ಎಂದು ತೀರ್ಮಾನವಾಯಿತು. ಅವರಿಗೂ ಮತದ ಹಕ್ಕಿದೆ. ಅದಕ್ಕೂ ಮುಂಚೆ 2007ರಲ್ಲಿ ‘ಡೆಬಿಯನ್ ಮೇಂಟೇನರ್’ ಎಂಬ ಇನ್ನೊಂದು ಮೆಟ್ಟಿಲು ಬಂದಿತ್ತು. ಅವರು ಸದಸ್ಯರಲ್ಲ, ಮತ ಹಾಕುವಂತಿಲ್ಲ; ಯಾರಾದರೂ ಡೆವಲಪರ್ ಹೆಸರಿಸಿ ಅನುಮತಿ ಕೊಟ್ಟ ಪ್ಯಾಕೇಜುಗಳನ್ನು ಮಾತ್ರ ಸ್ವತಃ ಅಪ್‌ಲೋಡ್ ಮಾಡಬಹುದು. ಇಡೀ ಮನೆಯ ಬದಲು ಒಂದು ಕೋಣೆಯ ಬೀಗದ ಕೈಯನ್ನಷ್ಟೇ ಕೊಟ್ಟ ಹಾಗೆ.

ಅರ್ಜಿಗೆ ಮೊದಲು

ಸೇರಬೇಕೆನ್ನುವವರು ಮಾಡುವ ಮೊದಲ ತಪ್ಪು, ಅರ್ಜಿಯಿಂದ ಶುರುಮಾಡುವುದು. ಅರ್ಜಿ ಕೊನೆಯ ಹಂತ. ಬೇಕಾದ ಪುರಾವೆಯೆಲ್ಲ ಅಷ್ಟರೊಳಗೆ ಸಾರ್ವಜನಿಕವಾಗಿ ಕೂಡಿಬಿದ್ದಿರಬೇಕು. ಹೆಣ್ಣು ಕೊಡುವ ಮನೆಯವರು ಗಂಡಿನ ಊರಿಗೆ ಹೋಗಿ ಅಕ್ಕಪಕ್ಕದವರನ್ನು ಕೇಳುತ್ತಾರಲ್ಲ, ಹಾಗೆ. ಇಲ್ಲಿ ಅಕ್ಕಪಕ್ಕದವರು ಎಂದರೆ ಬಗ್ ದಾಖಲೆಗಳು ಮತ್ತು ಚೇಂಜ್‌ಲಾಗ್ ಎಂಬ ಬದಲಾವಣೆಗಳ ಪಟ್ಟಿ.

ಪ್ಯಾಕೇಜಿನ ದಾರಿಯಲ್ಲಿ ಬರುವವರ ಕ್ರಮ ಹೀಗಿದೆ. ಹೊಸ ತಂತ್ರಾಂಶ ಸೇರಿಸುವುದಾದರೆ ಮೊದಲು ‘ಐಟಿಪಿ’, ಅಂದರೆ ಇದನ್ನು ಪ್ಯಾಕೇಜ್ ಮಾಡುವ ಉದ್ದೇಶವಿದೆ ಎಂಬ ಬಗ್ ದಾಖಲಿಸಬೇಕು. ಒಂದೇ ಕೆಲಸ ಇಬ್ಬರು ಮಾಡದಿರಲಿ ಎಂಬುದೊಂದು ಕಾರಣ. ಇಂಥದ್ದು ಆಗಲೇ ಮೂರಿವೆ, ನಾಲ್ಕನೆಯದು ಯಾಕೆ ಎಂದು ಯಾರಾದರೂ ಕೇಳಲಿ ಎಂಬುದು ಇನ್ನೊಂದು. ಆಮೇಲೆ ಡೆಬಿಯನ್ ಡೈರೆಕ್ಟರಿಯೊಳಗೆ ಪ್ಯಾಕೇಜಿನ ವಿವರ, ಕಟ್ಟುವ ಕ್ರಮ, ಪರವಾನಗಿ ಮುಂತಾದವನ್ನು ಹೇಳುವ ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್, ವಾಚ್ ಕಡತಗಳನ್ನು ಬರೆಯಬೇಕು. ತಮ್ಮ ಯಂತ್ರದಲ್ಲಿ ಬಿಲ್ಡ್ ಆಯಿತೆಂದರೆ, ಅಂದರೆ ಸೋರ್ಸ್ ಕೋಡಿನಿಂದ ಪ್ಯಾಕೇಜು ತಯಾರಾಯಿತೆಂದರೆ, ಸಾಲದು. ಬರಿದಾದ ಕ್ರೂಟ್‌ನಲ್ಲಿ, ಅಂದರೆ ಕನಿಷ್ಠ ಡೆಬಿಯನ್ ಬಿಟ್ಟು ಬೇರೇನೂ ಇಲ್ಲದ ಪ್ರತ್ಯೇಕ ಪರಿಸರದಲ್ಲಿ, ಎಸ್‌ಬಿಲ್ಡ್ ಅಥವಾ ಪಿಬಿಲ್ಡರ್ ಎಂಬ ಸಲಕರಣೆ ಬಳಸಿ ಬಿಲ್ಡ್ ಮಾಡಬೇಕು. ಬಿಲ್ಡ್ ಮಾಡಲು ಬೇಕಿದ್ದೂ ಹೆಸರಿಸಲು ಬಿಟ್ಟುಹೋದ ಬೇರೆ ಪ್ಯಾಕೇಜುಗಳು ಬಯಲಾಗುವುದು ಅಲ್ಲೇ. ಮುಂದೆ ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಎಂಬ ಸಲಕರಣೆ ಓಡಿಸಿ, ಅದು ಎತ್ತಿದ ಪ್ರತಿ ಆಕ್ಷೇಪಕ್ಕೂ ತಿದ್ದಿ ಅಥವಾ ಕಾರಣ ಕೊಡಿ. ಲಿಂಟಿಯನ್ ಬಾಯಿ ಮುಚ್ಚಿಸಲು ಓವರ್‌ರೈಡ್ ಕಡತ ಬರೆದು ಕಾರಣ ಬರೆಯದಿದ್ದರೆ, ನೋಡುವವರಿಗೆ ಅದೊಂದೇ ಸಾಕು.

ಅಪ್‌ಲೋಡ್ ಹಕ್ಕಿಲ್ಲದವರು ಸ್ಪಾನ್ಸರ್ ಹುಡುಕಬೇಕು. ‘ಆರ್‌ಎಫ್‌ಎಸ್’ ಎಂಬ ಕೋರಿಕೆ ಹಾಕಿದರೆ ಯಾವುದೋ ಡೆವಲಪರ್ ಪ್ಯಾಕೇಜನ್ನು ಇಳಿಸಿ, ಓದಿ, ಸರಿಯಿದ್ದರೆ ತಮ್ಮ ಡಿಜಿಟಲ್ ಕೀ ಬಳಸಿ ಸಹಿ ಹಾಕಿ ಅಪ್‌ಲೋಡ್ ಮಾಡುತ್ತಾರೆ. ಆ ಅಪ್‌ಲೋಡಿಗೆ ಹೊಣೆ ಸಹಿ ಹಾಕಿದವರದು, ಪ್ಯಾಕೇಜು ಮಾಡಿದವರದಲ್ಲ. ಅದಕ್ಕೇ ಸ್ಪಾನ್ಸರ್ ಸಿಗುವುದು ನಿಧಾನ. ಗುರುತಿಲ್ಲದವರ ಕೋರಿಕೆ ವಾರಗಟ್ಟಲೆ ಹಾಗೇ ಬಿದ್ದಿರುತ್ತದೆ. ಇದನ್ನು ಅವಮಾನ ಎಂದುಕೊಂಡವರು ಅಲ್ಲಿಂದಲೇ ವಾಪಸ್ಸಾಗುತ್ತಾರೆ. ಬೇಗ ಸಿಗುವ ದಾರಿ ಬೇರೆ ಇದೆ: ಪೈಥಾನ್, ಪರ್ಲ್, ಫಾಂಟ್, ಆಟಗಳಂಥ ತಂಡಗಳಲ್ಲಿ ಸೇರಿ, ಈಗಾಗಲೇ ಇರುವ ಪ್ಯಾಕೇಜುಗಳ ಬಗ್ ತಿದ್ದುವುದು. ಹೊಸ ಪ್ಯಾಕೇಜು ತರುವವರಿಗಿಂತ ಹಳೆಯದನ್ನು ಉಳಿಸುವವರು ಡೆಬಿಯನ್‌ಗೆ ಹೆಚ್ಚು ಬೇಕು. ಈ ಮಾತನ್ನು ಎಷ್ಟು ಸಲ ಹೇಳಿದರೂ ಹೊಸಬರು ಹೊಸ ಪ್ಯಾಕೇಜು ಹಿಡಿದೇ ಬರುತ್ತಾರೆ. ಇರಲಿ.

ಹೊಸ ಪ್ಯಾಕೇಜು ಹೆಚ್ಚಾಗಿ ಸಿಕ್ಕಿಬೀಳುವುದು ಕಾಪಿರೈಟ್ ಕಡತದಲ್ಲಿ. ಸೋರ್ಸಿನಲ್ಲಿ ಎಲ್ಲೋ ಮೂಲೆಯಲ್ಲಿ ಬೇರೆ ಪರವಾನಗಿಯ ನಾಲ್ಕು ಕಡತ ಇರುತ್ತವೆ. ಮಿನಿಫೈ ಮಾಡಿದ, ಅಂದರೆ ಓದಲಾಗದಷ್ಟು ಕುಗ್ಗಿಸಿದ, ಜಾವಾಸ್ಕ್ರಿಪ್ಟ್ ಇರುತ್ತದೆ, ಅದರ ಮೂಲ ಇರುವುದಿಲ್ಲ. ಪಿಡಿಎಫ್ ಇರುತ್ತದೆ, ಅದನ್ನು ಹುಟ್ಟಿಸಿದ ಕಡತ ಇರುವುದಿಲ್ಲ. ಹೊಸ ಪ್ಯಾಕೇಜುಗಳೆಲ್ಲ ಹಾದುಹೋಗಬೇಕಾದ ‘ನ್ಯೂ’ ಸಾಲಿನಲ್ಲಿ ಭಂಡಾರದ ಪರಿಶೀಲಕರು ಇದನ್ನೆಲ್ಲ ಕೈಯಾರೆ ನೋಡುತ್ತಾರೆ. ಒಮ್ಮೆ ತಿರಸ್ಕಾರವಾಗಿ, ಕಾರಣ ಓದಿ, ತಿದ್ದಿ ಮತ್ತೆ ಕಳಿಸಿದವರ ದಾಖಲೆ ಒಂದೇ ಏಟಿಗೆ ಪಾಸಾದವರದಕ್ಕಿಂತ ಕಳಪೆ ಎಂದು ಯಾರೂ ಎಣಿಸುವುದಿಲ್ಲ. ತಪ್ಪು ತೋರಿಸಿದಾಗ ಒಬ್ಬರು ಹೇಗೆ ನಡೆದುಕೊಂಡರು ಎಂಬುದನ್ನು ಅಪ್ಲಿಕೇಷನ್ ಮ್ಯಾನೇಜರುಗಳು ಹುಡುಕಿಯೇ ಓದುತ್ತಾರೆ.

ಕೀ ಮತ್ತು ಮುಖ

ಡೆಬಿಯನ್ ಲೆಕ್ಕದಲ್ಲಿ ನೀವು ಎಂದರೆ ನಿಮ್ಮ ಜಿಪಿಜಿ ಕೀ. ಇದು ಡಿಜಿಟಲ್ ಸಹಿ ಹಾಕಲು, ಗೂಢಲಿಪಿ ಬಿಡಿಸಲು ಬಳಸುವ ಕೀ; ಇದರ ಗುಟ್ಟಿನ ಅರ್ಧ ನಿಮ್ಮಲ್ಲೇ ಇರುತ್ತದೆ, ಬಹಿರಂಗದ ಅರ್ಧ ಎಲ್ಲರಿಗೂ ಸಿಗುತ್ತದೆ. ಅಪ್‌ಲೋಡಿಗೆ ಸಹಿ ಅದರಿಂದ, ಮತ ಹಾಕುವುದು ಅದರಿಂದ, ಅರ್ಜಿಯ ಪ್ರತಿ ಹೇಳಿಕೆಗೂ ಸಹಿ ಅದರಿಂದಲೇ. ಆರ್‌ಎಸ್‌ಎ ಬಗೆಯ ಕೀಯಾದರೆ ಉದ್ದ ಕನಿಷ್ಠ 2048 ಬಿಟ್ ಇರಬೇಕು, 4096 ಇದ್ದರೆ ಒಳ್ಳೆಯದು. ಹಿಂದೆ 1024 ಬಿಟ್ಟಿನ ಕೀಗಳಿದ್ದವು. ಅವು ಸಾಲವೆಂದು 2015ರ ಜನವರಿ 1ರ ಗಡುವು ಹಾಕಿ ತೆಗೆದುಹಾಕಿದರು. ಬದಲಿಸಿಕೊಳ್ಳದ ನೂರಾರು ಸದಸ್ಯರು ಆಗ ಅಪ್‌ಲೋಡ್ ಹಕ್ಕು ಕಳೆದುಕೊಂಡರು.

ಆ ಕೀ ಒಬ್ಬ ನಿಜವಾದ ಮನುಷ್ಯರದ್ದು ಎಂದು ಯಾರು ಹೇಳಬೇಕು? ಈಗಾಗಲೇ ಸದಸ್ಯರಾಗಿರುವವರು. ಡೆವಲಪರ್ ಆಗಲು ಕನಿಷ್ಠ ಇಬ್ಬರು ಡೆವಲಪರ್‌ಗಳ ಸಹಿ ನಿಮ್ಮ ಕೀ ಮೇಲೆ ಇರಬೇಕು. ಮೇಂಟೇನರ್ ಆಗಲು ಒಬ್ಬರದು ಸಾಕು. ಸಹಿ ಹಾಕುವ ಕ್ರಮ ಇದು. ಮುಖಾಮುಖಿ ಭೇಟಿಯಾಗುತ್ತೀರಿ. ಕೀಯನ್ನು ಗುರುತಿಸುವ 40 ಅಂಕಿ-ಅಕ್ಷರಗಳ ‘ಫಿಂಗರ್‌ಪ್ರಿಂಟ್’ ಅಚ್ಚಾದ ಚೀಟಿ ಕೊಡುತ್ತೀರಿ, ಜತೆಗೆ ಪಾಸ್‌ಪೋರ್ಟ್ ಅಥವಾ ಸರ್ಕಾರಿ ಗುರುತಿನ ಚೀಟಿ ತೋರಿಸುತ್ತೀರಿ. ಅವರು ಹೆಸರು, ಫೋಟೋ, ಮುಖ ನೋಡಿ ಚೀಟಿಯ ಮೇಲೆ ಗುರುತು ಹಾಕಿಕೊಳ್ಳುತ್ತಾರೆ. ಸಹಿ ಅಲ್ಲೇ ಆಗುವುದಿಲ್ಲ. ಅವರು ಮನೆಗೆ ಹೋಗಿ ಕೀ ಇಳಿಸಿ, ಫಿಂಗರ್‌ಪ್ರಿಂಟನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ ಸಹಿ ಮಾಡುತ್ತಾರೆ. ಕೊನೆಯ ಎಂಟು ಅಂಕಿಯಷ್ಟೇ ನೋಡಿ ಒಪ್ಪುವುದು ಅಪಾಯ. ಆ ಎಂಟು ಅಂಕಿ ಹೊಂದುವ ನಕಲಿ ಕೀ ಹುಟ್ಟಿಸುವುದು ಇಂದು ಸಾಧಾರಣ ಯಂತ್ರಕ್ಕೂ ಸಾಧ್ಯ. ಆಮೇಲೆ ‘ಕಾಫ್’ ಎಂಬ ಸಲಕರಣೆ, ಕೀಯಲ್ಲಿರುವ ಪ್ರತಿ ಇಮೇಲ್ ವಿಳಾಸಕ್ಕೂ ಅದರ ಸಹಿಯನ್ನು ಬೇರೆ ಬೇರೆಯಾಗಿ, ಗೂಢಲಿಪಿ ಮಾಡಿ ಕಳಿಸುತ್ತದೆ. ವಿಳಾಸ ನಿಮ್ಮದಲ್ಲದಿದ್ದರೆ ಸಹಿ ನಿಮ್ಮ ಕೈಗೆ ಬರುವುದಿಲ್ಲ. ಬಂದರೂ ಕೀ ನಿಮ್ಮದಲ್ಲದಿದ್ದರೆ ಬಿಡಿಸಲು ಆಗುವುದಿಲ್ಲ. ಹೆಸರಿಗೆ ಗುರುತಿನ ಚೀಟಿ, ವಿಳಾಸಕ್ಕೆ ಇಮೇಲ್, ಕೀಗೆ ಗೂಢಲಿಪಿ: ಮೂರಕ್ಕೆ ಮೂರು ತಾಳೆ.

ಇದರ ದೌರ್ಬಲ್ಯ ಎಲ್ಲರಿಗೂ ಗೊತ್ತಿದೆ. 2006ರಲ್ಲಿ ಮೆಕ್ಸಿಕೋದಲ್ಲಿ ನಡೆದ ಡೆಬಿಯನ್ ಸಮ್ಮೇಳನದ ಕೀ ಸಹಿ ಕೂಟದಲ್ಲಿ ಒಬ್ಬ ಡೆವಲಪರ್ ಯಾವ ದೇಶವೂ ಅಲ್ಲದ ‘ಟ್ರಾನ್ಸ್‌ನ್ಯಾಷನಲ್ ರಿಪಬ್ಲಿಕ್’ ಹೆಸರಿನ ಗುರುತಿನ ಚೀಟಿ ತೋರಿಸಿದರು. ಹಲವರು ಅದನ್ನು ನೋಡಿ ಒಪ್ಪಿಕೊಂಡುಬಿಟ್ಟರು. ಆಮೇಲೆ ದೊಡ್ಡ ಚರ್ಚೆಯೇ ಆಯಿತು. ನೂರು ಜನ ಸಾಲಾಗಿ ನಿಂತು ನಿಮಿಷಕ್ಕೊಬ್ಬರ ಪಾಸ್‌ಪೋರ್ಟ್ ನೋಡುವ ಕೂಟದಲ್ಲಿ ಪರದೇಶದ ಗುರುತಿನ ಚೀಟಿ ಅಸಲಿಯೋ ನಕಲಿಯೋ ಎಂದು ಹೇಳಬಲ್ಲವರು ಯಾರಿದ್ದಾರೆ? ಗುರುತಿನ ಚೀಟಿ ನೋಡುವುದರಿಂದ ಸಿಗುವ ಖಾತರಿ, ಜನ ಎಣಿಸಿಕೊಂಡಿರುವುದಕ್ಕಿಂತ ಬಹಳ ಕಡಿಮೆ. ಆದರೂ ಒಂದು ಲಾಭ ಗಟ್ಟಿಯಾಗಿ ಉಳಿಯುತ್ತದೆ: ಒಬ್ಬರೇ ಹತ್ತು ಹೆಸರಿಟ್ಟುಕೊಂಡು ಹತ್ತು ಸದಸ್ಯತ್ವ ಪಡೆಯುವುದು ದುಬಾರಿಯಾಗುತ್ತದೆ. ಹತ್ತು ಮುಖ ಹೊಂದಿಸುವುದು ಕಷ್ಟ.

ಇನ್ನೊಂದು ದೌರ್ಬಲ್ಯ ದೂರದ್ದು. ಬರ್ಲಿನ್‌ನಲ್ಲೋ ಪ್ಯಾರಿಸ್‌ನಲ್ಲೋ ಇಬ್ಬರು ಡೆವಲಪರ್‌ಗಳನ್ನು ಹುಡುಕುವುದು ಒಂದು ಸಂಜೆಯ ಕೆಲಸ. ಕಲಬುರಗಿಯಲ್ಲೋ ಚಾಮರಾಜನಗರದಲ್ಲೋ ಇರುವವರಿಗೆ ಅದು ರೈಲು ಟಿಕೆಟ್ಟಿನ ವಿಷಯ. ಭಾರತದಲ್ಲಿ ಡೆವಲಪರ್‌ಗಳಿದ್ದಾರೆ, ಆದರೆ ಕೆಲವೇ ನಗರಗಳಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಸಮ್ಮೇಳನ ಡೆಬ್‌ಕಾನ್ ಕೊಚ್ಚಿಯಲ್ಲಿ ನಡೆದಾಗ ಸಹಿ ಕೂಡಿಸಿಕೊಳ್ಳಲು ಇಲ್ಲಿನವರಿಗೆ ಒಳ್ಳೆಯ ಅವಕಾಶವಿತ್ತು. ಅಂಥದ್ದು ಪ್ರತಿ ವರ್ಷ ಬರುವುದಿಲ್ಲ. ಕೋವಿಡ್ ಬಂದು ಎಲ್ಲರೂ ಮನೆಯಲ್ಲೇ ಕೂತ ಮೇಲೆ ಈ ತೊಡಕು ಜರ್ಮನರಿಗೂ ಅರ್ಥವಾಯಿತು ಎನ್ನಬೇಕು. 2020ರಿಂದ ಇನ್ನೊಂದು ಬಗೆಯ ಸಾಕ್ಷ್ಯಕ್ಕೂ ಬೆಲೆ ಬಂತು: ‘ಈ ಕೀ ಇರುವವರ ಜತೆ ಇಷ್ಟು ಕಾಲ ಇಂಥ ಕೆಲಸ ಮಾಡಿದ್ದೇನೆ’ ಎಂದು ಡೆವಲಪರ್ ಸಹಿ ಮಾಡಿ ಬರೆದುಕೊಡುವ ಹೇಳಿಕೆ. ನನಗೆ ಕೇಳಿದರೆ ಎರಡು ನಿಮಿಷ ಪಾಸ್‌ಪೋರ್ಟ್ ನೋಡಿದ್ದಕ್ಕಿಂತ ಎರಡು ವರ್ಷ ಕೆಲಸ ನೋಡಿದ್ದು ಬಲವಾದ ಸಾಕ್ಷಿ.

ಕೀ ಕೆಡಿಸಿಕೊಳ್ಳುವ ದಾರಿಗಳೂ ಹಲವು. ಮಾಸ್ಟರ್ ಕೀಯನ್ನು ದಿನ ಬಳಸುವ ಲ್ಯಾಪ್‌ಟಾಪಿನಲ್ಲೇ ಇಟ್ಟು ಲ್ಯಾಪ್‌ಟಾಪ್ ಕಳೆದುಕೊಳ್ಳುವುದು ಒಂದು. ಅದಕ್ಕೆ ಮದ್ದು, ಮಾಸ್ಟರ್ ಕೀಯನ್ನು ಪೆನ್‌ಡ್ರೈವ್‌ನಲ್ಲಿ ಬೇರೆ ಇಟ್ಟು ಅದಕ್ಕೆ ಜೋಡಿಸಿದ ದಿನಬಳಕೆಯ ಸಬ್‌ಕೀ ಮಾತ್ರ ಬಳಸುವುದು, ಈ ಕೀ ಇನ್ನು ನಂಬಬೇಡಿ ಎಂದು ಸಾರುವ ರದ್ದು ಪ್ರಮಾಣಪತ್ರವನ್ನು ಮೊದಲ ದಿನವೇ ಮಾಡಿ ಕಾಗದದ ಮೇಲೆ ಅಚ್ಚು ಹಾಕಿಡುವುದು. ಕಳೆದುಹೋದ ಕೀ ಬದಲಿಗೆ ಹೊಸದು ಬೇಕೆಂದರೆ ಮತ್ತೆ ಇಬ್ಬರ ಸಹಿ, ಮತ್ತೆ ಅದೇ ರೈಲು. ಇನ್ನೊಂದು, ಅವಧಿ ಮುಗಿಯುವುದು. ಕೀ ಅವಧಿಯನ್ನು ನೀವು ನಿಮ್ಮಲ್ಲಿ ಹಿಗ್ಗಿಸಿದರೆ ಆಗಲಿಲ್ಲ. ಡೆಬಿಯನ್‌ನ ಕೀ ಸರ್ವರಿಗೆ ಕಳಿಸಬೇಕು, ಮತ್ತು ಕೀ ಗೊಂಚಲು, ಅಂದರೆ ಡೆಬಿಯನ್ ಮಾನ್ಯ ಮಾಡಿದ ಕೀಗಳ ಸಂಗ್ರಹ, ಹೊಸದಾಗುವುದು ಸುಮಾರು ತಿಂಗಳಿಗೊಮ್ಮೆ. ಕೊನೆಯ ದಿನ ನೆನಪಾದವರ ಅಪ್‌ಲೋಡ್ ಸದ್ದಿಲ್ಲದೆ ಮಾಯವಾಗುತ್ತದೆ. ತಪ್ಪು ಸಂದೇಶವೂ ಬರುವುದಿಲ್ಲ, ಯಾಕೆಂದರೆ ಗುರುತಿಲ್ಲದ ಕೀ ಬಳಸಿದವರಿಗೆ ಉತ್ತರ ಕೊಡಬಾರದೆಂದೇ ವ್ಯವಸ್ಥೆ ಮಾಡಿರುವುದು.

ಪ್ರಶ್ನೋತ್ತರ

ಈಗ ಅರ್ಜಿ. ಮೊದಲು ಉದ್ದೇಶ ಪತ್ರ: ನಾನು ಇಂಥವನು ಅಥವಾ ಇಂಥವಳು, ಇಷ್ಟು ಮಾಡಿದ್ದೇನೆ, ಇನ್ನು ಮುಂದೆ ಇದನ್ನು ಮಾಡುವ ಮನಸ್ಸಿದೆ. ಎರಡನೆಯದು, ಡೆಬಿಯನ್‌ನ ಸಾಮಾಜಿಕ ಒಪ್ಪಂದ, ಮುಕ್ತ ತಂತ್ರಾಂಶ ಮಾರ್ಗಸೂಚಿ ಮತ್ತು ಯಂತ್ರಗಳ ಬಳಕೆಯ ನಿಯಮ ಇವುಗಳನ್ನು ಓದಿ ಒಪ್ಪಿದ್ದೇನೆ ಎಂಬ ಸಹಿ ಮಾಡಿದ ಹೇಳಿಕೆ. ಮೂರನೆಯದು ಅಡ್ವೊಕೇಟ್ ಪತ್ರ, ಎಂದರೆ ಶಿಫಾರಸು.

ಶಿಫಾರಸು ಎಂದ ಕೂಡಲೆ ನಮ್ಮ ಕಡೆ ಬೇರೆಯೇ ಚಿತ್ರ ಕಣ್ಣ ಮುಂದೆ ಬರುತ್ತದೆ. ‘ಇವರು ಬಹಳ ಒಳ್ಳೆಯವರು, ಶ್ರಮಜೀವಿ, ದಯವಿಟ್ಟು ಸೇರಿಸಿಕೊಳ್ಳಿ’ ಎಂದು ಬರೆದರೆ ಇಲ್ಲಿ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಬೇಕಾದ್ದು ಹೀಗೆ: ಇವರ ಈ ಮೂರು ಪ್ಯಾಕೇಜುಗಳನ್ನು ನಾನು ಸ್ಪಾನ್ಸರ್ ಮಾಡಿದ್ದೇನೆ. ಮೊದಲ ಅಪ್‌ಲೋಡಿನಲ್ಲಿ ಇಂಥ ದೋಷವಿತ್ತು, ಮೂರನೆಯ ಹೊತ್ತಿಗೆ ತಿದ್ದಲು ಏನೂ ಉಳಿದಿರಲಿಲ್ಲ. ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಲೈಬ್ರರಿಯೊಂದರ ಬದಲಾವಣೆಯ ಸಮಯದಲ್ಲಿ ಅವಲಂಬಿತ ಪ್ಯಾಕೇಜುಗಳ ಮೇಂಟೇನರ್‌ಗಳಿಗೆ ಮೊದಲೇ ತಿಳಿಸಿದರು. ನನ್ನ ಸಲಹೆಯೊಂದನ್ನು ಒಪ್ಪಲಿಲ್ಲ, ಕಾರಣ ಕೊಟ್ಟರು, ಕಾರಣ ಸರಿಯಿತ್ತು. ಈ ಕೊನೆಯ ಸಾಲಿನಂಥದ್ದು ಪತ್ರದಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ಹೀಗೆ ಬರೆಯುವವರು ಒಬ್ಬರಿಗಿಂತ ಹೆಚ್ಚಿದ್ದರೆ ಅಷ್ಟು ಬಲ.

ಆಮೇಲೆ ಅಪ್ಲಿಕೇಷನ್ ಮ್ಯಾನೇಜರ್ ಸಿಗಬೇಕು. ಅವರೂ ಸ್ವಯಂಸೇವಕ ಡೆವಲಪರೇ, ಬಿಡುವಿದ್ದಾಗ ಒಬ್ಬಿಬ್ಬರ ಅರ್ಜಿ ತೆಗೆದುಕೊಳ್ಳುತ್ತಾರೆ. ಇಲ್ಲಿ ಸಾಲು ನಿಲ್ಲುವುದುಂಟು. ಒಂದು ಕಾಲದಲ್ಲಿ ಈ ಸಾಲಿನಲ್ಲೇ ವರ್ಷ ಕಳೆದವರಿದ್ದರು. ಡೆಬಿಯನ್ ಮೇಂಟೇನರ್ ಎಂಬ ಮಧ್ಯದ ಮೆಟ್ಟಿಲು ಹುಟ್ಟಲು ಅದೂ ಕಾರಣ.

ವಿಚಾರಣೆಗೆ ಎರಡು ಭಾಗ. ಮೊದಲನೆಯದು ತತ್ವ ಮತ್ತು ಕಾರ್ಯವಿಧಾನ. ಪ್ರಶ್ನೆಗಳ ಮಾದರಿ ಪಟ್ಟಿ ಬಹಿರಂಗವಾಗಿಯೇ ಇದೆ, ಪ್ರಶ್ನೆಪತ್ರಿಕೆ ಬಯಲಾಯಿತು ಎಂಬ ಗಾಬರಿ ಯಾರಿಗೂ ಇಲ್ಲ. ಯಾಕೆಂದರೆ ಕೇಳುವುದು ಉತ್ತರವನ್ನಲ್ಲ, ಯೋಚಿಸುವ ರೀತಿಯನ್ನು. ಒಂದು ಉದಾಹರಣೆ. ಒಂದು ಪರವಾನಗಿ ಹೇಳುತ್ತದೆ: ತಂತ್ರಾಂಶವನ್ನು ತಿದ್ದಬಹುದು, ಹಂಚಬಹುದು, ಆದರೆ ಪ್ರತಿ ತಿದ್ದುಪಡಿಯನ್ನೂ ಮೂಲ ಲೇಖಕರಿಗೆ ಕಳಿಸಲೇಬೇಕು. ಇದು ಮುಕ್ತವೇ? ಕೇಳಲು ಸಭ್ಯವಾಗಿದೆ. ಡೆಬಿಯನ್‌ನವರು ಇದಕ್ಕೆ ‘ನಿರ್ಜನ ದ್ವೀಪ’ದ ಪರೀಕ್ಷೆ ಒಡ್ಡುತ್ತಾರೆ: ದ್ವೀಪದಲ್ಲಿ ಸಿಕ್ಕಿಹಾಕಿಕೊಂಡವನ ಹತ್ತಿರ ಸೌರಶಕ್ತಿಯ ಕಂಪ್ಯೂಟರ್ ಇದೆ, ಇಂಟರ್‌ನೆಟ್ ಇಲ್ಲ. ಆತ ತಿದ್ದಿ ಪಕ್ಕದವನಿಗೆ ಕೊಟ್ಟರೆ ಕಾನೂನು ಮುರಿದ ಹಾಗಾಯಿತು. ಆದ್ದರಿಂದ ಮುಕ್ತವಲ್ಲ. ಇದರ ಜೋಡಿ ‘ಭಿನ್ನಮತೀಯ’ನ ಪರೀಕ್ಷೆ: ತಿದ್ದಿದವರು ತಮ್ಮ ಹೆಸರು ಬಯಲು ಮಾಡಲೇಬೇಕೆಂಬ ಷರತ್ತು, ದಬ್ಬಾಳಿಕೆಯ ಸರ್ಕಾರದಡಿ ಇರುವವನನ್ನು ಜೈಲಿಗೆ ಕಳಿಸಬಲ್ಲದು.

ಇನ್ನೊಂದು ಪ್ರಶ್ನೆ: ಸಾಮಾಜಿಕ ಒಪ್ಪಂದದ ಮೂರನೆಯ ಅಂಶ ‘ನಾವು ತೊಂದರೆಗಳನ್ನು ಮುಚ್ಚಿಡುವುದಿಲ್ಲ’ ಎನ್ನುತ್ತದೆ. ಹಾಗಾದರೆ ಭದ್ರತಾ ದೋಷವೊಂದನ್ನು, ಪರಿಹಾರ ಸಿದ್ಧವಾಗುವವರೆಗೆ ಕೆಲವು ದಿನ ಗುಟ್ಟಾಗಿಡುವುದು ಸರಿಯೇ? ಹೌದು ಅಂದವರೂ ಪಾಸಾಗಿದ್ದಾರೆ, ಇಲ್ಲ ಅಂದವರೂ ಪಾಸಾಗಿದ್ದಾರೆ. ನಾಲ್ಕನೆಯ ಅಂಶದ ಎರಡು ಆದ್ಯತೆಗಳು, ಅಂದರೆ ಬಳಕೆದಾರರು ಮತ್ತು ಮುಕ್ತ ತಂತ್ರಾಂಶ, ಒಂದಕ್ಕೊಂದು ಡಿಕ್ಕಿ ಹೊಡೆದಾಗ ಏನು ಮಾಡುತ್ತೀರಿ ಎಂಬುದೂ ಈ ಜಾತಿಯದೇ. ಇದು ಬರೀ ಮಾತಿನ ಮಂಟಪವಲ್ಲ. 2022ರಲ್ಲಿ, ಮುಕ್ತವಲ್ಲದ ಫರ್ಮ್‌ವೇರ್ (ಯಂತ್ರದ ಬಿಡಿಭಾಗಗಳೊಳಗೆ ಓಡುವ ತಂತ್ರಾಂಶ) ಇಲ್ಲದೆ ವೈಫೈ ಕಾರ್ಡುಗಳೇ ಓಡದ ಸ್ಥಿತಿ ಬಂದಾಗ ಡೆಬಿಯನ್ ಇದೇ ಪ್ರಶ್ನೆಯನ್ನು ಮತಕ್ಕೆ ಹಾಕಿ, ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಅದನ್ನು ಕೊಡಲು ತೀರ್ಮಾನಿಸಿತು.

ಕಾರ್ಯವಿಧಾನದ ಪ್ರಶ್ನೆಗಳು ನೆಲಕ್ಕೆ ಹತ್ತಿರ. ಬೇರೆಯವರ ಪ್ಯಾಕೇಜಿನಲ್ಲಿ ಬಿಡುಗಡೆಯನ್ನೇ ತಡೆಯುವಂಥ ಬಗ್ ಕಂಡಿದೆ, ಮೇಂಟೇನರ್ ಉತ್ತರಿಸುತ್ತಿಲ್ಲ. ಏನು ಮಾಡುತ್ತೀರಿ? ತಿದ್ದುಪಡಿಯ ಪ್ಯಾಚನ್ನು ಬಗ್ ದಾಖಲೆಗೆ ಸೇರಿಸಿ, ಆವೃತ್ತಿ 1.2-3 ಇದ್ದದ್ದನ್ನು 1.2-3.1 ಮಾಡಿ, ಬೇರೇನನ್ನೂ ಮುಟ್ಟದೆ, ‘ಡಿಲೇಡ್’ ಸಾಲಿಗೆ ಹಾಕಬೇಕು. ಅಲ್ಲಿ 15 ದಿನದವರೆಗೂ ಕಾಯಿಸಬಹುದು. ಮೂಲ ಮೇಂಟೇನರ್ ಎಚ್ಚೆತ್ತರೆ ಅಷ್ಟರಲ್ಲಿ ತಡೆಯಬಹುದು. ‘ನನ್ನ ಹಕ್ಕಿದೆ, ನೇರ ಹಾಕುತ್ತೇನೆ’ ಎನ್ನುವ ಉತ್ತರ ತಾಂತ್ರಿಕವಾಗಿ ಸರಿ, ಸದಸ್ಯತ್ವದ ದೃಷ್ಟಿಯಿಂದ ಕೆಟ್ಟದ್ದು.

ಎರಡನೆಯ ಭಾಗ ಕೆಲಸ ಮತ್ತು ಕೌಶಲ. ಲೈಬ್ರರಿಯ ಸೋನೇಮ್ (ಅದರ ಆವೃತ್ತಿ ಸೂಚಿಸುವ ಒಳಹೆಸರು) ಬದಲಾದರೆ ಪ್ಯಾಕೇಜಿನ ಹೆಸರು ಯಾಕೆ ಬದಲಾಗಬೇಕು, ಆವೃತ್ತಿ ಸಂಖ್ಯೆಗೆ ಎಪೋಕ್ (ಹೋಲಿಸುವಾಗ ಎಲ್ಲಕ್ಕಿಂತ ಮೊದಲು ಲೆಕ್ಕಕ್ಕೆ ಬರುವ ಅಂಕಿ) ಒಮ್ಮೆ ಸೇರಿಸಿದರೆ ಯಾಕೆ ಎಂದೂ ತೆಗೆಯಲಾಗದು, ಕಾನ್ಫಿಗರೇಷನ್ ಕಡತವನ್ನು ಸ್ಕ್ರಿಪ್ಟಿನಿಂದ ಬದಲಾಯಿಸಿದರೆ ಬಳಕೆದಾರರ ತಿದ್ದುಪಡಿಗೆ ಏನಾಗುತ್ತದೆ, ಇಂಥವು. ಈಗೀಗ ಹಲವು ಮ್ಯಾನೇಜರುಗಳು ಪ್ರಶ್ನೆಪಟ್ಟಿ ಕಡಿಮೆ ಮಾಡಿ, ಅರ್ಜಿದಾರರು ಈಗಾಗಲೇ ಮಾಡಿರುವ ಪ್ಯಾಕೇಜುಗಳನ್ನೇ ಮುಂದಿಟ್ಟುಕೊಂಡು ಮಾತಾಡುತ್ತಾರೆ. ಒಳ್ಳೆಯ ಬದಲಾವಣೆ. ಹಳೆಯ ಪದ್ಧತಿಯಲ್ಲಿ ಎಂಟು ಪುಟದ ಉತ್ತರ ಬರೆದು ಸುಸ್ತಾದವರೇ ಹೆಚ್ಚು.

ಅರ್ಜಿ ಸಾಯುವುದು ತಪ್ಪು ಉತ್ತರದಿಂದಲ್ಲ, ಮೌನದಿಂದ. ಪ್ರಶ್ನೆ ಬಂತು, ಪರೀಕ್ಷೆ ಇತ್ತು, ಆಫೀಸಿನಲ್ಲಿ ಕೆಲಸ ಹೆಚ್ಚಿತ್ತು, ಎರಡು ತಿಂಗಳಾಯಿತು, ಆಮೇಲೆ ಬರೆಯಲು ಸಂಕೋಚ. ‘ಒಂದು ತಿಂಗಳು ಬಿಡುವಿಲ್ಲ’ ಎಂದು ಒಂದು ಸಾಲು ಬರೆದಿದ್ದರೆ ಅರ್ಜಿಯನ್ನು ತಡೆಹಿಡಿದು ಇಡುತ್ತಿದ್ದರು. ಸದಸ್ಯರಾದ ಮೇಲೂ ಬೇಕಾಗಿರುವುದು ಆ ಒಂದು ಸಾಲಿನ ಅಭ್ಯಾಸವೇ.

ಎಲ್ಲ ಮುಗಿದ ಮೇಲೆ ಮ್ಯಾನೇಜರ್ ವರದಿ ಬರೆಯುತ್ತಾರೆ, ಫ್ರಂಟ್ ಡೆಸ್ಕ್ ಏನಾದರೂ ಬಿಟ್ಟಿದೆಯೇ ನೋಡುತ್ತದೆ, ಅಕೌಂಟ್ ಮ್ಯಾನೇಜರುಗಳು ಒಪ್ಪುತ್ತಾರೆ ಅಥವಾ ಹಿಂದಕ್ಕೆ ಕಳಿಸುತ್ತಾರೆ. ಒಪ್ಪಿದರೆ ಕೀ ಗೊಂಚಲಿಗೆ ನಿಮ್ಮದೂ ಸೇರುತ್ತದೆ, ಯಂತ್ರಗಳಲ್ಲಿ ಖಾತೆ ಬರುತ್ತದೆ.

ಜರಡಿಗೆ ಸಿಗದದ್ದು

ಇಷ್ಟೆಲ್ಲ ಜರಡಿ ಹಿಡಿದ ಮೇಲೂ 2008ರ ಮೇ 13ರಂದು ಡೆಬಿಯನ್ ತನ್ನ ಇತಿಹಾಸದ ಅತಿ ಕೆಟ್ಟ ಪ್ರಕಟಣೆಯನ್ನು ಹೊರಡಿಸಬೇಕಾಯಿತು. 2006ರಲ್ಲಿ, ಗೂಢಲಿಪಿಯ ಕೆಲಸ ನೋಡಿಕೊಳ್ಳುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ದೋಷ ಹುಡುಕುವ ಸಲಕರಣೆಯೊಂದು ಎಚ್ಚರಿಕೆ ಕೊಟ್ಟಿತೆಂದು ಕೆಲವು ಸಾಲುಗಳನ್ನು ತೆಗೆದಿದ್ದರು. ಕೀಯನ್ನು ಊಹಿಸಲಾಗದಂತೆ ಮಾಡುವ ಯಾದೃಚ್ಛಿಕತೆಯನ್ನು ಆ ಸಾಲುಗಳೇ ತುಂಬುತ್ತಿದ್ದವು. ಉಳಿದದ್ದು ಪ್ರೋಸೆಸ್ ಐಡಿ, ಅಂದರೆ ಓಡುವ ಪ್ರತಿ ಪ್ರೋಗ್ರಾಮಿಗೆ ಯಂತ್ರ ಕೊಡುವ ಸಂಖ್ಯೆ, ಮಾತ್ರ. ಎಂದರೆ ಒಂದು ಬಗೆಯ ಕೀಗೆ 32,768 ಸಾಧ್ಯತೆಗಳಷ್ಟೇ. ಸುಮಾರು 20 ತಿಂಗಳಲ್ಲಿ ಆ ವ್ಯವಸ್ಥೆಯಲ್ಲಿ ಹುಟ್ಟಿದ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಗಳನ್ನೆಲ್ಲ ಎಸೆಯಬೇಕಾಯಿತು. ಇಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ, ಅರ್ಹತೆಯ ಕೊರತೆಯೂ ಇರಲಿಲ್ಲ. ಮೂಲ ಯೋಜನೆಯವರನ್ನು ಕೇಳಿಯೂ ಇದ್ದರು, ಪ್ರಶ್ನೆ ಉತ್ತರ ಎರಡೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿದ್ದವು. ಯಾವ ಪ್ರವೇಶ ಪರೀಕ್ಷೆಯೂ ಇದನ್ನು ಹಿಡಿಯುತ್ತಿರಲಿಲ್ಲ.

ಇದಕ್ಕೂ ಹಿಂದೆ, 2003ರ ನವೆಂಬರ್‌ನಲ್ಲಿ, ಡೆವಲಪರ್ ಒಬ್ಬರ ಕದ್ದ ಪಾಸ್‌ವರ್ಡಿನಿಂದ ಒಳಹೊಕ್ಕವರು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ದೋಷ ಬಳಸಿ ಡೆಬಿಯನ್‌ನ ನಾಲ್ಕು ಸರ್ವರುಗಳನ್ನು ಹಿಡಿದಿದ್ದರು. ಅಂದರೆ ಸದಸ್ಯರು ಪ್ರಾಮಾಣಿಕರಾಗಿದ್ದರೆ ಸಾಲದು, ಅವರ ಲ್ಯಾಪ್‌ಟಾಪೂ ಪ್ರಾಮಾಣಿಕವಾಗಿರಬೇಕು. ಯಂತ್ರ ಬಳಕೆಯ ನಿಯಮಕ್ಕೆ ಅರ್ಜಿಯಲ್ಲೇ ಸಹಿ ಕೇಳುವುದು ಯಾಕೆ ಮುಖ್ಯ ಎಂಬುದು ಇದರಿಂದ ಗೊತ್ತಾಗುತ್ತದೆ.

ಮತ್ತೆ 2024ರ ಎಕ್ಸ್‌ಝಡ್, ಕಡತಗಳನ್ನು ಕುಗ್ಗಿಸುವ ತಂತ್ರಾಂಶ. ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ಡೆಬಿಯನ್‌ಗೆ ಸಂಬಂಧಿಸಿದ ಎಳೆಯನ್ನು ಕಡಿಮೆ ಜನ ಗಮನಿಸಿದ್ದಾರೆ. ‘ಜಿಯಾ ಟಾನ್’ ಎಂಬ ಹೆಸರಿನವರು 2021ರಿಂದ ಸಣ್ಣ ಪುಟ್ಟ ಪ್ಯಾಚ್ ಕಳಿಸುತ್ತಾ ಬಂದರು. ಒಂಟಿಯಾಗಿ ಯೋಜನೆ ನಡೆಸುತ್ತಿದ್ದ ಲಾಸ್ಸೆ ಕಾಲಿನ್ ಮೇಲೆ 2022ರಲ್ಲಿ ಬೇರೆ ಬೇರೆ ಹೆಸರಿನವರು ‘ಕೆಲಸ ನಿಧಾನವಾಗಿದೆ, ಇನ್ನೊಬ್ಬರಿಗೆ ಬಿಟ್ಟುಕೊಡಿ’ ಎಂದು ಒತ್ತಡ ಹಾಕಿದರು. ಹಕ್ಕು ಸಿಕ್ಕಿತು. 2024ರ ಫೆಬ್ರುವರಿ-ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲಿತ್ತು. ಕೆಲವೇ ದಿನಗಳಲ್ಲಿ, ಯಾರೂ ಕೇಳಿರದ ಹೆಸರಿನವರೊಬ್ಬರು 5.6.1 ಅನ್ನು ಬೇಗ ಸೇರಿಸಿ ಎಂದು ಡೆಬಿಯನ್‌ಗೆ ಆರ್‌ಎಫ್‌ಎಸ್ ಕೋರಿಕೆಯನ್ನೇ ಸಲ್ಲಿಸಿದರು. ನಾವು ಇಷ್ಟು ಹೊತ್ತು ಮಾತಾಡಿದ ಅದೇ ಬಾಗಿಲು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಿಂಡ್ ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ಅಷ್ಟರಲ್ಲಿ ಅದು ಡೆಬಿಯನ್‌ನ ಇನ್ನೂ ತಯಾರಾಗುತ್ತಿರುವ ಅನ್‌ಸ್ಟೇಬಲ್, ಟೆಸ್ಟಿಂಗ್ ಎರಡಕ್ಕೂ ಬಂದಿತ್ತು, ಬಿಡುಗಡೆಯಾದ ಸ್ಟೇಬಲ್ ಉಳಿಯಿತು. ಜಿಯಾ ಟಾನ್ ಡೆಬಿಯನ್ ಸದಸ್ಯರಾಗಿರಲಿಲ್ಲ. ಡೆಬಿಯನ್ ತನ್ನ ಬಾಗಿಲಿಗೆ ಎಷ್ಟು ಬೀಗ ಹಾಕಿದರೂ ಒಳಗೆ ಬರುವ ಸೋರ್ಸ್ ಬೇರೆಯವರ ಮನೆಯದು, ಅಲ್ಲಿ ಎಷ್ಟೋ ಕಡೆ ಬೀಗವೇ ಇಲ್ಲ.

ಎರಡು ವರ್ಷ ತಾಳ್ಮೆಯಿಂದ ಕೆಲಸ ಮಾಡಬಲ್ಲ ವಂಚಕನನ್ನು ಪ್ರಶ್ನೋತ್ತರ ಹಿಡಿಯುವುದಿಲ್ಲ. ಮುಖಾಮುಖಿ ಭೇಟಿ ಬಹುಶಃ ಸ್ವಲ್ಪ ತಡೆಯುತ್ತಿತ್ತು. ಗಮನಿಸಬೇಕಾದ ಗುರುತು ಆ ಅವಸರ: ಹಕ್ಕು ಬೇಗ ಕೊಡಿ, ಆವೃತ್ತಿ ಬೇಗ ಹಾಕಿ ಎನ್ನುವ, ಹಿಂದೆ ಮುಂದೆ ಯಾವ ಕೆಲಸವೂ ಇಲ್ಲದ ಹೆಸರುಗಳು.

ಬೇರೆ ಕಡೆ ಹೇಗೆ ಎಂದು ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅಪಾಚೆ ಪ್ರತಿಷ್ಠಾನದ ತಂತ್ರಾಂಶ ಯೋಜನೆಗಳಲ್ಲಿ ನೀವು ಅರ್ಜಿ ಹಾಕುವುದಿಲ್ಲ; ಆಡಳಿತ ಸಮಿತಿ ನಿಮ್ಮ ಬೆನ್ನ ಹಿಂದೆ ಚರ್ಚಿಸಿ, ಸಾಮಾನ್ಯವಾಗಿ 72 ಗಂಟೆ ಮತ ತೆಗೆದುಕೊಂಡು ಆಹ್ವಾನ ಕಳಿಸುತ್ತದೆ. ಪೈಥಾನ್‌ನಲ್ಲಿ ಕೋರ್ ಡೆವಲಪರ್ ಆಗಲು ಈಗಿರುವವರ ಮತದಲ್ಲಿ ಮೂರನೆಯ ಎರಡು ಪಾಲು ಬೇಕು. ಲಿನಕ್ಸ್ ಕರ್ನಲ್‌ನಲ್ಲಿ ಸದಸ್ಯತ್ವವೇ ಇಲ್ಲ, ಪ್ರತಿ ಪ್ಯಾಚಿಗೂ ಸಹಿಯ ಸಾಲು ಹಾಕುವ ಪದ್ಧತಿ 2004ರಿಂದ ಇದೆ. ಆಹ್ವಾನದ ಪದ್ಧತಿ ಸಭ್ಯವಾಗಿ ಕಾಣುತ್ತದೆ, ತಿರಸ್ಕಾರದ ಮುಜುಗರ ಇಲ್ಲ. ಆದರೆ ಕಣ್ಣಿಗೆ ಬೀಳದವರು ಹಾಗೇ ಉಳಿದುಬಿಡುತ್ತಾರೆ. ಡೆಬಿಯನ್‌ನಲ್ಲಿ ನಾಚಿಕೆ ಸ್ವಭಾವದವರೂ ಒಂದು ಫಾರಂ ತುಂಬಿ ‘ನನ್ನನ್ನು ನೋಡಿ’ ಎನ್ನಬಹುದು.

ಹೊರಹೋಗುವ ಬಾಗಿಲು

ಒಳಗೆ ಬಿಡುವುದಕ್ಕೆ ಇಷ್ಟು ಮಾತಾದರೆ ಹೊರಗೆ ಕಳಿಸುವುದಕ್ಕೂ ನಾಲ್ಕು ಮಾತು ಬೇಕು. ಹತ್ತು ವರ್ಷ ಮುಟ್ಟದೇ ಬಿಟ್ಟ, ಆದರೆ ಇನ್ನೂ ಚಾಲ್ತಿಯಲ್ಲಿರುವ ಕೀ, ಹೊಸಬರ ಕೀಗಿಂತ ಅಪಾಯ. ಕಳುವಾದರೆ ಒಡೆಯರಿಗೇ ಗೊತ್ತಾಗುವುದಿಲ್ಲ. ‘ಎಂಐಎ’ (ನಾಪತ್ತೆಯಾದವರನ್ನು ಹುಡುಕುವ) ತಂಡ ಸದ್ದಿಲ್ಲದ ಮೇಂಟೇನರ್‌ಗಳಿಗೆ ಬರೆದು, ಉತ್ತರ ಬರದಿದ್ದರೆ ಪ್ಯಾಕೇಜುಗಳನ್ನು ಅನಾಥ ಎಂದು ಘೋಷಿಸುತ್ತದೆ, ಬೇರೆಯವರು ದತ್ತು ತೆಗೆದುಕೊಳ್ಳಲಿ ಎಂದು. ಅಕೌಂಟ್ ಮ್ಯಾನೇಜರುಗಳು ಮತ ಹಾಕದ, ಅಪ್‌ಲೋಡ್ ಮಾಡದ ಸದಸ್ಯರನ್ನು ಇದ್ದೀರಾ ಎಂದು ಕೇಳುತ್ತಾರೆ. ಉತ್ತರವಿಲ್ಲದಿದ್ದರೆ ಖಾತೆ ಮುಚ್ಚುತ್ತಾರೆ. ತಾವಾಗಿ ಹೇಳಿ ಹೊರಟವರು ‘ಎಮೆರಿಟಸ್’, ಅವರ ಕೀ ಬೇರೆ ಗೊಂಚಲಿಗೆ ಹೋಗುತ್ತದೆ; ಮುಂದೆ ಮರಳಿ ಬರಬೇಕೆಂದರೆ ಮೊದಲಿನಿಂದ ಎಲ್ಲ ಪ್ರಶ್ನೆಗೂ ಉತ್ತರಿಸಬೇಕಿಲ್ಲ. ಅಪರೂಪಕ್ಕೆ ನಡವಳಿಕೆಯ ಕಾರಣಕ್ಕೆ ತೆಗೆದುಹಾಕುವುದೂ ಉಂಟು. ಅದಕ್ಕೆ 2019ರಲ್ಲಿ ಮೇಲ್ಮನವಿಯ ಕ್ರಮ ಬರೆದಿಟ್ಟರು, ಅದನ್ನು ಮತದಿಂದ ತೀರ್ಮಾನಿಸುವುದು ಅಪ್ಲಿಕೇಷನ್ ಮ್ಯಾನೇಜರುಗಳ ಸಮಿತಿ.

ಒಂದು ಲೆಕ್ಕದ ಮಾತು, ಇಷ್ಟವಿದ್ದವರಿಗೆ. ಡೆಬಿಯನ್ ಸಂವಿಧಾನದಲ್ಲಿ ಮತದಾನದ ಕೋರಂ ಸದಸ್ಯರ ಸಂಖ್ಯೆಯ ವರ್ಗಮೂಲದ ಒಂದೂವರೆ ಪಟ್ಟು. ಸಾವಿರ ಸದಸ್ಯರಿದ್ದರೆ ಸುಮಾರು 47. ನಿದ್ದೆ ಹೋದ ಸದಸ್ಯರು ಪಟ್ಟಿಯಲ್ಲಿ ಉಳಿದರೂ ಕೋರಂ ಹೆಚ್ಚು ಏರುವುದಿಲ್ಲ. 1998ರಲ್ಲಿ ಇದನ್ನು ಬರೆದವರಿಗೆ ಸ್ವಯಂಸೇವಕರ ಸ್ವಭಾವ ಚೆನ್ನಾಗಿ ಗೊತ್ತಿತ್ತು.

ಎಷ್ಟು ಕಾಲ ಬೇಕು ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. ಅರ್ಜಿಗೆ ಕೆಲವು ತಿಂಗಳು. ಅದಕ್ಕೆ ಮೊದಲಿನ ಕೆಲಸಕ್ಕೆ ಒಂದೋ ಎರಡೋ ವರ್ಷ ಇಟ್ಟುಕೊಳ್ಳಿ. ಕನ್ನಡದವರು ಎಲ್ಲಿಂದ ಶುರುಮಾಡಬಹುದು ಎಂದರೆ, ಡೆಬಿಯನ್ ಇನ್‌ಸ್ಟಾಲರ್ ಕನ್ನಡದಲ್ಲಿ ಮಾತಾಡುತ್ತದೆ, ಅದರ ಅನುವಾದ ಪ್ರತಿ ಬಿಡುಗಡೆಗೂ ಕೈಯಾಡಿಸುವುದನ್ನು ಕೇಳುತ್ತದೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳು ಭಂಡಾರದಲ್ಲಿ ಪ್ಯಾಕೇಜುಗಳಾಗಿ ಇವೆ. ಫಾಂಟ್ ಪ್ಯಾಕೇಜು ಕಲಿಯಲು ಒಳ್ಳೆಯದು: ಕಂಪೈಲ್ ಮಾಡುವ ರಗಳೆ ಕಡಿಮೆ, ಪರವಾನಗಿಯ ಪಾಠ ಪೂರ್ತಿ. ಇವತ್ತು ರಾತ್ರಿ ಗುಬ್ಬಿಯ ಸೋರ್ಸ್ ಪ್ಯಾಕೇಜು ಇಳಿಸಿ, ಬರಿದಾದ ಕ್ರೂಟ್‌ನಲ್ಲಿ ಬಿಲ್ಡ್ ಮಾಡಿ, ಒತ್ತಕ್ಷರಗಳು ಸರಿಯಾಗಿ ಕೂರುತ್ತವೆಯೇ, ಲಿಂಟಿಯನ್ ಏನನ್ನುತ್ತದೆ, ತೆರೆದ ಬಗ್‌ಗಳು ಎಷ್ಟಿವೆ ನೋಡಿ.